ದ್ವಿತೀಯಾರ್ಧದ ಕಡತ

ನಗರಸಭೆಯ ಅವಶೇಷ ತೆರವು ವಿಭಾಗದ ಮೇಲ್ವಿಚಾರಕರು ಮೂವತ್ತೊಂದು ವರ್ಷಗಳ ಸೇವಾವಧಿಯಲ್ಲಿ ಆರುನೂರಕ್ಕೂ ಹೆಚ್ಚು ಸಿನಿಮಾಗಳ ಮೊದಲರ್ಧವನ್ನು ನೋಡಿರುತ್ತಾರೆ ಹಾಗೂ ಒಂದೇ ಒಂದು ಸಿನಿಮಾದ ದ್ವಿತೀಯಾರ್ಧವನ್ನೂ ನೋಡಿರುವುದಿಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಕಚೇರಿಯ ಎದುರಿಗೇ ಟಾಕೀಸು. ಮಧ್ಯಾಹ್ನದ ಆಟ ಒಂದು ಗಂಟೆಗೆ ಶುರು, ಊಟದ ವಿರಾಮ ಒಂದರಿಂದ ಎರಡೂಕಾಲು, ಇಂಟರ್ವಲ್ಲು ಸರಿಯಾಗಿ ಎರಡೂ ಹತ್ತಕ್ಕೆ. ಗೇಟ್‌ಕೀಪರ್ ಹಳೇ ಸ್ನೇಹಿತ. ಹಿಂದಿನ ಸಾಲಿನಲ್ಲಿ ಸ್ಪ್ರಿಂಗು ಕಿತ್ತುಹೋದ ಒಂದು ಸೀಟನ್ನು ಅವರಿಗೆಂದೇ ಬಿಟ್ಟಿದ್ದ. ದೀಪ ಹತ್ತಿದ ಕೂಡಲೇ ಮೇಲ್ವಿಚಾರಕರು ಎದ್ದು, ಖಾಲಿ ಊಟದ ಡಬ್ಬಿ ಕೈಲಿ ಹಿಡಿದು, ರಸ್ತೆ ದಾಟುತ್ತಿದ್ದರು. ಭಾನುವಾರ ನೋಡಬಹುದಿತ್ತಲ್ಲ ಎನ್ನುವಿರಾ? ಭಾನುವಾರ ಟಿಕೆಟ್ಟು ಸಿಗುವುದಿಲ್ಲ. ಟಿಕೆಟ್ಟು ಸಿಕ್ಕಿದ ಭಾನುವಾರ ನೆಂಟರು ಬರುತ್ತಾರೆ.

ಕಚೇರಿಯವರೆಲ್ಲ ಅವರನ್ನು ಬೆನ್ನ ಹಿಂದೆ ‘ಇಂಟರ್ವಲ್ ಸಾಹೇಬರು’ ಎನ್ನುತ್ತಿದ್ದರು. ಎದುರಿಗೆ ಮಾತ್ರ ಸಿನಿಮಾ ಬಗ್ಗೆ ಅವರ ಅಭಿಪ್ರಾಯ ಕೇಳದವರಿಲ್ಲ.

“ಈಗಿನ ಥ್ರಿಲ್ಲರ್‌ಗಳು ಬಲು ಸಹಜ ಕಣಯ್ಯಾ,” ಎಂದು ಅವರು ಕಡತದ ಗುಮಾಸ್ತನಿಗೆ ಹೇಳುತ್ತಿದ್ದರು. “ಒಂದು ಕೊಲೆ ಆಗುತ್ತೆ, ಪೊಲೀಸರು ಬರ್ತಾರೆ, ಎಲ್ಲರ ಮೇಲೂ ಅನುಮಾನ ಬರುತ್ತೆ, ಯಾರೂ ಸಿಕ್ಕಲ್ಲ. ಆಮೇಲೆ ಎಲ್ಲರೂ ಎದ್ದು ಟೀ ಕುಡಿಯೋಕೆ ಹೋಗ್ತಾರೆ. ನಮ್ಮ ಸಿಮೆಂಟ್ ಹಗರಣದ ವಿಚಾರಣೆ ನಡೆದದ್ದೂ ಹೀಗೇ ಅಲ್ವಾ?”

ಸೂಪರ್‌ಹೀರೋ ಸಿನಿಮಾ ಎಂದರೆ ಮಾತ್ರ ಅವರ ಹುಬ್ಬು ಗಂಟಾಗುತ್ತಿತ್ತು. “ಮೇಲಿಂದ ಒಬ್ಬ ಇಳೀತಾನೆ, ಕೆಳಗಿಂದ ಒಬ್ಬ ಏಳ್ತಾನೆ, ಇಬ್ಬರೂ ಸೇರಿ ಊರು ಪುಡಿ ಮಾಡ್ತಾರೆ. ಒಳ್ಳೆಯವನು ಯಾರು ಅಂತ ಬಟ್ಟೆ ನೋಡಿ ತಿಳ್ಕೋಬೇಕು. ಅಷ್ಟರಲ್ಲಿ ದೀಪ ಹತ್ತುತ್ತೆ. ಅಲ್ಲಾ, ಆ ಇಟ್ಟಿಗೆ ಎತ್ತೋರು ಯಾರು?”

ಈ ಪ್ರಶ್ನೆಗಳಿಗೆಲ್ಲ ಸಂಜೆ ಮನೆಯಲ್ಲಿ ಉತ್ತರ ಸಿಗುತ್ತಿತ್ತು. ಅವರು ಮೊದಲರ್ಧ ಹೇಳುವರು. ಹೆಂಡತಿ ತರಕಾರಿ ಹೆಚ್ಚುತ್ತಲೇ ಮಿಕ್ಕರ್ಧ ಹೇಳಿ ಮುಗಿಸುವಳು. ಕೊಲೆಗಾರ ಯಾರೆಂದು ಹಿಡಿಯುವುದರಲ್ಲಿ ಆಕೆ ಎತ್ತಿದ ಕೈ. ಆದರೂ ಮೇಲ್ವಿಚಾರಕರಿಗೆ ಒಳಗೊಳಗೇ ಒಂದು ಆಸೆ ಕೊರೆಯುತ್ತಿತ್ತು. “ಒಂದೇ ಒಂದು ಕಥೆ ಕೊನೇಲಿ ಹೇಗೆ ಮುಗಿಯುತ್ತೆ ಅಂತ ಕಣ್ಣಾರೆ ನೋಡಬೇಕು ಕಣೇ,” ಎನ್ನುತ್ತಿದ್ದರು. ನಿವೃತ್ತಿಯಾದ ಮಾರನೇ ದಿನ ಇಬ್ಬರೂ ಜೊತೆಯಲ್ಲಿ ಟಿಕೆಟ್ಟು ಕೊಂಡು, ಪರದೆ ಬಿಳಿಯಾಗುವ ತನಕ ಏಳದೆ ಕೂರುವುದೆಂದು ಇಪ್ಪತ್ತು ವರ್ಷದ ಹಿಂದೆಯೇ ಮಾತಾಗಿತ್ತು. ಅದಕ್ಕೆಂದೇ ಆಕೆ ಅಂದಿನಿಂದ ಟಾಕೀಸಿನ ಮೆಟ್ಟಿಲು ಹತ್ತಿರಲಿಲ್ಲ.

ನಿವೃತ್ತಿಗೆ ಹನ್ನೆರಡು ದಿನ ಉಳಿದಿದ್ದ ಒಂದು ಶುಕ್ರವಾರ ಟಾಕೀಸಿನ ಮಾಲೀಕರು ಪ್ರೇಕ್ಷಕರ ಅಭಿಪ್ರಾಯ ಪೆಟ್ಟಿಗೆ ಇಡಿಸಿದರು. ಪೆಟ್ಟಿಗೆ ಇತ್ತು, ಚೀಟಿ ಇರಲಿಲ್ಲ. ಹೊಸ ಸೂಪರ್‌ಹೀರೋ ಸಿನಿಮಾದ ಅರ್ಧ ನೋಡಿ ಬಂದ ಮೇಲ್ವಿಚಾರಕರು ಜೇಬಿನಲ್ಲಿದ್ದ ಅವಶೇಷ ದೂರಿನ ನಮೂನೆ ಏಳರ ಮೇಲೆ, ‘ಹನ್ನೊಂದು ಕಟ್ಟಡ ಬಿದ್ದಿವೆ, ಅವಶೇಷ ತೆರವಾಗಿಲ್ಲ’ ಎಂದು ಬರೆದು, ಕೈಯಭ್ಯಾಸದಿಂದ ಸಹಿಯನ್ನೂ ಹಾಕಿ ಒಳಗೆ ಬಿಟ್ಟರು. ಸಂಜೆ ಪೆಟ್ಟಿಗೆ ತೆಗೆದ ಗೇಟ್‌ಕೀಪರ್, ಸರ್ಕಾರಿ ಕಾಗದ ಇಲ್ಲಿಗೇಕೆ ಬಂತೆಂದು ಗಾಬರಿಯಾಗಿ ಅದನ್ನು ಎದುರಿನ ಟಪಾಲು ವಿಭಾಗಕ್ಕೆ ಮುಟ್ಟಿಸಿದ. ಅಲ್ಲಿ ಅದಕ್ಕೊಂದು ನಂಬರು ಬಿತ್ತು. ನಂಬರು ಬಿದ್ದ ಕಾಗದವೂ ಹುಟ್ಟಿದ ಮಗುವೂ ಒಂದೇ. ಬಂದ ದಾರಿಯಲ್ಲಿ ವಾಪಸು ಕಳಿಸಲು ಬರುವುದಿಲ್ಲ.

ಮಾರನೇ ದಿನ ಆಯುಕ್ತರಿಂದ ಕರೆ ಬಂತು.

“ಏನ್ರೀ ಇದು? ಹನ್ನೊಂದು ಕಟ್ಟಡದ ಅವಶೇಷ ಬಾಕಿ. ವಿಭಾಗವೂ ನಿಮ್ಮದೇ, ದೂರುದಾರರೂ ನೀವೇ.”

“ಸಾರ್, ಅದು ಸಿನಿಮಾದಲ್ಲಿ ಸಾರ್.”

“ಸಿನಿಮಾ ಎಲ್ಲಿದೆ?”

“ಎದುರುಗಡೆ ಟಾಕೀಸಲ್ಲಿ.”

“ಟಾಕೀಸು ನಮ್ಮ ಸರಹದ್ದಿಗೆ ಬರುತ್ತೋ ಇಲ್ವೋ?”

“ಬರುತ್ತೆ ಸಾರ್.”

“ಮತ್ತೆ?”

ಆಯುಕ್ತರು ಸೇವಾ ನಿಯಮಗಳ ಪುಸ್ತಕ ತೆಗೆದು ನಲವತ್ತೊಂದನೆಯ ನಿಯಮವನ್ನು ಬೇಸರವಿಲ್ಲದೆ ಓದಿ ಹೇಳಿದರು: ‘ಅವಶೇಷ ದೂರು ಬಾಕಿ ಇರುವ ನೌಕರನನ್ನು ನಿವೃತ್ತಿಗೊಳಿಸತಕ್ಕದ್ದಲ್ಲ. ಅಂಥ ನೌಕರನು ತನಗೆ ವಯಸ್ಸಾಗುವುದನ್ನು ದೂರು ಇತ್ಯರ್ಥವಾಗುವವರೆಗೆ ಮುಂದೂಡತಕ್ಕದ್ದು.’

ಅಂದೇ ಮಧ್ಯಾಹ್ನ ಮೇಲ್ವಿಚಾರಕರು ಇಬ್ಬರು ಕೂಲಿಯವರು, ಒಂದು ಅಳತೆ ಪಟ್ಟಿ, ನಾಲ್ಕು ಬುಟ್ಟಿಗಳೊಂದಿಗೆ ಸ್ಥಳ ಪರಿಶೀಲನೆಗೆ ಹೋದರು. ಅವರ ಕಣ್ಣೆದುರೇ ಮತ್ತೆ ಹನ್ನೊಂದು ಕಟ್ಟಡ ಉರುಳಿದವು. ದಿನಕ್ಕೆ ನಾಲ್ಕು ಆಟದ ಲೆಕ್ಕದಲ್ಲಿ, ಐದು ದಿನ ಕಳೆಯುವಷ್ಟರಲ್ಲಿ ಕಡತದಲ್ಲಿ ಇನ್ನೂರಿಪ್ಪತ್ತು ಕಟ್ಟಡಗಳು ಬಿದ್ದಿದ್ದವು. ‘ಸ್ಥಳದಲ್ಲಿ ಧೂಳು ಕಂಡುಬಂದಿರುತ್ತದೆ, ಮುಖ್ಯವಾಗಿ ಸೀಟುಗಳ ಕೆಳಗೆ’ ಎಂದು ಕೂಲಿಯವರು ಹೇಳಿಕೆ ಕೊಟ್ಟರು.

“ಸಾರ್, ದ್ವಿತೀಯಾರ್ಧದಲ್ಲಿ ಯಾರಾದರೂ ಗುಡಿಸ್ತಾರೇನೋ,” ಎಂದು ಮೇಲ್ವಿಚಾರಕರು ಅಂಗಲಾಚಿದರು. “ಒಂದು ದಿನ ಪೂರ್ತಿ ನೋಡೋಕೆ ಅಪ್ಪಣೆ ಕೊಡಿ.”

“ಕೆಲಸದ ವೇಳೇಲಿ ಸಿನಿಮಾ ನೋಡೋದು ಅಪರಾಧ ಕಣ್ರೀ. ಎರಡೂಕಾಲಿಗೆ ನೀವು ಕುರ್ಚೀಲಿ ಇರಬೇಕು. ದ್ವಿತೀಯಾರ್ಧದ ಬಗ್ಗೆ ಯಾರಾದರೂ ನಾಗರಿಕರ ಹೇಳಿಕೆ ಇದ್ದರೆ ತನ್ನಿ, ನೋಡೋಣ.”

ಸಂಜೆ ಮೇಲ್ವಿಚಾರಕರು ತಲೆ ಮೇಲೆ ಕೈಹೊತ್ತು ಅಡುಗೆಮನೆಯ ಬಾಗಿಲಲ್ಲಿ ಕೂತರು. ಪರಿಶೀಲನಾ ವರದಿಗೆ ಸಹಿ ಹಾಕಿಸಿಕೊಳ್ಳಲು ಬಂದ ಗುಮಾಸ್ತ ಕಾಫಿ ಕುಡಿಯುತ್ತಿದ್ದ.

“ಅದಕ್ಯಾಕ್ರೀ ಅಷ್ಟು ಕೊರಗು?” ಎಂದಳು ಹೆಂಡತಿ. “ಹೀರೋ ಗೆದ್ದ. ಮನೆಗೆ ಹೋದ. ಅವನ ಅಮ್ಮ ಬಾಗಿಲಲ್ಲೇ ತಡೆದಳು. ‘ಊರೆಲ್ಲಾ ಹರವಿ ಬಂದಿದ್ದೀಯಲ್ಲೋ, ಗುಡಿಸಿ ಬಾ, ಆಮೇಲೆ ಊಟ’ ಅಂದಳು. ಪಾಪ, ಬೆನ್ನಿಗೆ ಕಟ್ಕೊಂಡಿದ್ದ ಕೆಂಪು ಬಟ್ಟೆ ಬಿಚ್ಚಿ ಅದರಲ್ಲೇ ಇಟ್ಟಿಗೆ ಹೊತ್ತ. ಅಮ್ಮಂಗೆ ಹೆದರದ ಮಗ ಎಲ್ಲಿದ್ದಾನೆ?”

ಗುಮಾಸ್ತ ಕಾಫಿ ಲೋಟ ಕೆಳಗಿಟ್ಟು ಪೆನ್ನು ತೆಗೆದ. ಹೇಳಿಕೆ ಒಂದೂವರೆ ಪುಟ ಆಯಿತು. ಆಕೆ ಕೈ ಒರೆಸಿಕೊಂಡು ಸಹಿ ಹಾಕಿದಳು.

ಆಯುಕ್ತರು ಅದನ್ನು ಎರಡು ಸಲ ಓದಿದರು. “ದಿನಕ್ಕೆ ನಾಲ್ಕು ಆಟ. ನಾಲ್ಕು ಸಲವೂ ಹೊರ್ತಾನೇನ್ರೀ?”

“ನಾಲ್ಕು ಸಲವೂ ಅಮ್ಮ ಬಿಡಲ್ಲ ಸಾರ್,” ಎಂದರು ಮೇಲ್ವಿಚಾರಕರು.

ಕಡತ ಮುಕ್ತಾಯವಾಯಿತು. ಸಹಿ ಬಿತ್ತು, ಮೊಹರು ಬಿತ್ತು. ಮೇಲ್ವಿಚಾರಕರು ಬುಧವಾರ ಸಂಜೆ ಐದಕ್ಕೆ ನಿವೃತ್ತರಾಗಲು ಅರ್ಹರೆಂದು ಆದೇಶ ಹೊರಟಿತು. ಅವರು ಮನೆಗೆ ಹೋಗುವ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದರು.

ಆದರೆ ಭಾನುವಾರ ಗುಮಾಸ್ತನಿಗೆ, ಏನು ದೆಸೆಯೋ, ಟಿಕೆಟ್ಟು ಸಿಕ್ಕಿತು, ನೆಂಟರೂ ಬರಲಿಲ್ಲ. ಹೆಂಡತಿ ಮಕ್ಕಳೊಂದಿಗೆ ಸಿನಿಮಾ ಪೂರ್ತಿ ನೋಡಿದ. ದ್ವಿತೀಯಾರ್ಧದಲ್ಲಿ ಯಾರೂ ಗುಡಿಸಲಿಲ್ಲ. ಅಮ್ಮ ಎಂಬ ಪಾತ್ರವೇ ಇರಲಿಲ್ಲ. ಹೀರೋ ಕೈಬೀಸಿ ಆಕಾಶಕ್ಕೆ ಹಾರಿದ. ನಿಷ್ಠಾವಂತನಾದ ಗುಮಾಸ್ತ ಸೋಮವಾರ ಇದನ್ನು ಟಿಪ್ಪಣಿ ಹಾಕಿ ಮಂಡಿಸಿದ.

ಆಯುಕ್ತರು ವಿಚಲಿತರಾಗಲಿಲ್ಲ. “ಕಡತ ಒಂದು ಹೇಳುತ್ತೆ, ಸಿನಿಮಾ ಒಂದು ಹೇಳುತ್ತೆ. ಕಡತಕ್ಕೆ ನನ್ನ ಸಹಿ ಇದೆ. ಸಿನಿಮಾಕ್ಕೆ ಯಾರ ಸಹಿ ಇದೆ?”

ಗುಮಾಸ್ತ ಯೋಚಿಸಿ, “ಯಾರದೂ ಇಲ್ಲ ಸಾರ್,” ಎಂದ.

“ಹಾಗಾದ್ರೆ ತಪ್ಪು ಯಾರದು, ನೀವೇ ಹೇಳಿ.”

ಗುರುವಾರ ಬೆಳಿಗ್ಗೆ ಆದೇಶ ಟಾಕೀಸು ತಲುಪಿತು. ದ್ವಿತೀಯಾರ್ಧಗಳು ನಗರಸಭೆಯ ದಾಖಲೆಗೆ ವ್ಯತಿರಿಕ್ತವಾಗಿರುವುದು ಕಂಡುಬಂದಿರುವುದರಿಂದ, ಥ್ರಿಲ್ಲರ್‌ಗಳೂ ಸೇರಿದಂತೆ ಸಕಲ ಸಿನಿಮಾಗಳ ದ್ವಿತೀಯಾರ್ಧವನ್ನು ಮುಂಜಾಗ್ರತೆಯಾಗಿ ತಡೆಹಿಡಿಯಲಾಗಿತ್ತು. ಮಾಲೀಕರು ಅದನ್ನು ಓದಿ ಕಣ್ಣಿಗೊತ್ತಿಕೊಂಡರು. ಅರ್ಧ ಸಿನಿಮಾಕ್ಕೆ ಪೂರ್ತಿ ಟಿಕೆಟ್ಟು, ದಿನಕ್ಕೆ ನಾಲ್ಕರ ಬದಲು ಎಂಟು ಆಟ. ಇಂಥ ಜನಪರ ಆದೇಶವನ್ನು ತಾವು ಹಿಂದೆಂದೂ ಕಂಡಿಲ್ಲವೆಂದು ಅವರು ಹೇಳಿಕೆ ನೀಡಿದರು.

ನಿವೃತ್ತರಿಗೆ ಕಡತದ ಸುದ್ದಿ ಯಾರೂ ತಿಳಿಸುವುದಿಲ್ಲ. ಆ ಮಧ್ಯಾಹ್ನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಕೈಹಿಡಿದು ಮೆಟ್ಟಿಲು ಹತ್ತಿಸಿ, ಸ್ಪ್ರಿಂಗು ಸರಿಯಿದ್ದ ಎರಡು ಸೀಟಿನಲ್ಲಿ ಕೂತರು. ಅಂದು ಹೊಸ ಥ್ರಿಲ್ಲರ್. ಲಿಫ್ಟಿನಲ್ಲಿ ಒಬ್ಬ ಸಾಹುಕಾರ ಸತ್ತುಬಿದ್ದ, ಪೊಲೀಸರು ಬಂದರು, ಅಡುಗೆಯವನಿಂದ ಅಳಿಯನವರೆಗೆ ಎಲ್ಲರ ಮೇಲೂ ಅನುಮಾನ ಬಂತು. ಎರಡೂ ಹತ್ತಕ್ಕೆ ದೀಪ ಹತ್ತಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಏಳಲಿಲ್ಲ. ಕುರ್ಚಿಯ ಕೈ ಬಿಗಿಯಾಗಿ ಹಿಡಿದು, “ಇನ್ನೇನು, ಈಗ ನೋಡು,” ಎಂದರು.

ಪರದೆಯ ಮೇಲೆ ಪ್ರಕಟಣೆ ಮೂಡಿತು: ‘ದ್ವಿತೀಯಾರ್ಧ ತಡೆಹಿಡಿಯಲಾಗಿದೆ. ಕೊಲೆಗಾರ ಯಾರೆಂಬುದನ್ನು ಸಾರ್ವಜನಿಕರು ತಂತಮ್ಮ ಮನೆಗಳಲ್ಲಿ ತೀರ್ಮಾನಿಸಿಕೊಳ್ಳತಕ್ಕದ್ದು. ಆಯುಕ್ತರ ಆದೇಶದ ಮೇರೆಗೆ.’ ಕೆಳಗೆ ಮೊಹರಿತ್ತು. ಮೊಹರಿದ್ದುದರಿಂದ ಯಾರೂ ಗಲಾಟೆ ಮಾಡಲಿಲ್ಲ.

ಅವರ ಕಣ್ಣಲ್ಲಿ ನೀರು ಬಂತು. “ನನ್ನ ಹಣೇಲಿ ಅರ್ಧವೇ ಬರೆದಿದೆ ಕಣೇ.”

“ಸುಮ್ನಿರಿ,” ಎಂದು ಹೆಂಡತಿ ಅವರ ಕೈ ತಟ್ಟಿದಳು. “ಆ ಅಳಿಯ ಕಾಫಿ ತರಿಸ್ಕೊಂಡ, ಒಂದು ಗುಟುಕೂ ಕುಡೀಲಿಲ್ಲ. ನೋಡಿದ್ರಾ?”

ಮುಂದಿನ ಸಾಲಿನವನೊಬ್ಬ ತಿರುಗಿದ. “ಹೌದಲ್ವಾ! ಯಾಕಮ್ಮಾ ಕುಡೀಲಿಲ್ಲ? ಸ್ವಲ್ಪ ಜೋರಾಗಿ ಹೇಳಿ.” ಎದ್ದು ಹೊರಟವರು ಒಬ್ಬೊಬ್ಬರಾಗಿ ನಿಂತರು, ಆಮೇಲೆ ಕೂತರು. ಆಕೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಗೇಟ್‌ಕೀಪರ್ ಬಾಗಿಲು ಮುಚ್ಚಿ, ಪದ್ಧತಿಯಂತೆ ದೀಪ ಆರಿಸಿದ.

ಅಷ್ಟರಲ್ಲಿ ಟಾರ್ಚು ಹಿಡಿದ ಮಾಲೀಕರು ಸಾಲು ಸಾಲಾಗಿ ದ್ವಿತೀಯಾರ್ಧಕ್ಕೆ ಬೇರೆ ಟಿಕೆಟ್ಟು ಹರಿಯುತ್ತ ಬಂದರು. ಮೂವತ್ತೊಂದು ವರ್ಷ ಅಡುಗೆಮನೆಯ ಬಾಗಿಲಲ್ಲಿ ಕೂತು ಅದನ್ನೇ ಪುಕ್ಕಟೆ ಕೇಳಿದ್ದ ನಿವೃತ್ತ ಮೇಲ್ವಿಚಾರಕರು ತುಟಿಪಿಟಕ್ಕೆನ್ನದೆ ಒಂದು ಟಿಕೆಟ್ಟು ಕೊಂಡು, ಕೊನೆಯವರೆಗೂ ಕೂತು ಕೇಳಿದರು.