ಏಳನೇ ಕಂಬದ ಸಮುದ್ರದಿಗ್ವಿಜಯ

ಎಲೈ ಕಾಲಪುರುಷನೇ! ಉಪ್ಪುನೀರಿನಲ್ಲಿ ಮೋರೆ ತೊಳೆದು, ಡೀಸೆಲಿನ ಹೊಗೆಯನ್ನೇ ಧೂಪವೆಂದು ಸೇವಿಸಿ, ಪಡುಗಡಲ ದಡದಲ್ಲಿ ಕಾಲು ಚಾಚಿ ಕುಳಿತವನೇ, ಅರೆಗಳಿಗೆ ಇತ್ತ ಕಿವಿಗೊಡು. ಶಂಖ ಊದುವವರು ಇಂದು ರಜೆಯಲ್ಲಿರುವುದರಿಂದ ಕೋಡಿಬಾಗಿಲು ಬಂದರಿನ ಐಸ್ ಕಾರ್ಖಾನೆಯ ಸೈರನ್ನನ್ನೇ ಶಂಖನಾದವೆಂದು ತಿಳಿ. ನೀರನ್ನು ಪ್ರೀತಿಸುವವರು ಒಂದು ಕಡೆ, ನೀರಿನಿಂದ ಬದುಕುವವರು ಇನ್ನೊಂದು ಕಡೆ ನಿಂತು ಒಂದು ಮೊಳ ಬಟ್ಟೆಗಾಗಿ ಹೋರಾಡಿದ ಆ ಭಾನುವಾರದ ಮಹಾಸಮರವನ್ನು, ಅದರಲ್ಲಿ ಬಿದ್ದವರನ್ನೂ ವಾಂತಿ ಮಾಡಿಕೊಂಡವರನ್ನೂ ಬಿಡದೆ, ನಿನಗೆ ನಿವೇದಿಸುತ್ತೇನೆ.

ಆ ಯುಗದಲ್ಲಿ ಅಂತಾರಾಷ್ಟ್ರೀಯ ವಿಹಾರನೌಕಾ ಸಖ್ಯವೆಂಬ ಮಹಾಸಂಘವೊಂದು ನಲವತ್ತು ದೇಶಗಳ ಬಂದರುಗಳಲ್ಲಿ ತನ್ನ ನೀಲಿ ತ್ರಿಕೋನ ಪತಾಕೆಯನ್ನು ಹಾರಿಸಿ, ಬಂದ ನಾವಿಕನನ್ನು ಅಪ್ಪಿಕೊಂಡು, ಊಟ ಹಾಕಿ, ಪತಾಕೆ ಬದಲಾಯಿಸಿ ಕಳಿಸುತ್ತಿತ್ತು. ಅದರ ಕೋಡಿಬಾಗಿಲು ಶಾಖೆಯಲ್ಲಿ ಹನ್ನೊಂದು ಮಂದಿ ಸದಸ್ಯರಿದ್ದರು. ದೋಣಿ ಒಂದೂ ಇರಲಿಲ್ಲ. ಇದು ನ್ಯೂನತೆಯಲ್ಲ. ದೋಣಿಯ ಮೇಲೆ ಪ್ರೀತಿಯಿದ್ದರೆ ಸಾಕು ಎಂದು ಸಖ್ಯದ ನಿಯಮಾವಳಿಯೇ ಸಾರುತ್ತದೆ. ಆ ಪ್ರೀತಿಯನ್ನು ಅವರು ಪ್ರತಿ ತಿಂಗಳ ಎರಡನೇ ಶನಿವಾರ ಪಡಿಯಾರ್ ಟೈಲ್ಸ್ ಮಳಿಗೆಯ ಮೇಲಂತಸ್ತಿನಲ್ಲಿ, ಮಾರಾಟಕ್ಕಿಟ್ಟ ಬಾತ್‌ಟಬ್ಬುಗಳ ನಡುವೆ ಕುರ್ಚಿ ಹಾಕಿಕೊಂಡು ವ್ಯಕ್ತಪಡಿಸುತ್ತಿದ್ದರು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಹದಿನಾರು ಬಗೆಯ ನಾವಿಕಗಂಟುಗಳು, ತಲಾ ಒಂದು ಹಿತ್ತಾಳೆಯ ಹೆಸರುಫಲಕದೊಡನೆ, ತೂಗುತ್ತಿದ್ದವು.

ಈ ಹನ್ನೊಂದು ಮಂದಿಯ ಶಿರೋಮಣಿಯೇ ನಮ್ಮ ಕಥಾನಾಯಕ. ಸುವರ್ಣಗುಂಡಿಖಚಿತನೀಲಕಂಚುಕಧಾರಿ, ಧವಳಪಾದರಕ್ಷಾವಿರಾಜಿತ, ಸಪ್ತಸಾಗರಸಂಚಾರಸಂಕಲ್ಪಸನ್ನದ್ಧ, ಕಮೋಡೋರ್ ಮುರಾರಿ ಪಡಿಯಾರ್. ಟೈಲ್ಸು ಅವನ ವೃತ್ತಿ. ಬಂದರು ಸಮಿತಿಯ ಅಧ್ಯಕ್ಷತೆ ಅವನ ಪ್ರವೃತ್ತಿ. ಯಾವ ದೋಣಿ ದಕ್ಕೆಯ ಯಾವ ಕಂಬಕ್ಕೆ ಹಗ್ಗ ಕಟ್ಟಬೇಕೆಂಬುದು ಅವನ ಸಹಿಯಿಂದ ನಿರ್ಧಾರವಾಗುತ್ತಿತ್ತು. ಇಂಥವನು ಇದೀಗ ಏಷ್ಯಾಖಂಡದ ಪ್ರಾದೇಶಿಕ ಕಮೋಡೋರ್ ಪಟ್ಟಕ್ಕೆ ಕಣ್ಣಿಟ್ಟಿದ್ದನು. ಆ ಪಟ್ಟಕ್ಕೆ ಬೇಕಾದದ್ದು ಒಂದೇ: ಕೂವೆಯೆಂಬ ಹಾಯಿಕಂಬದ ತುದಿಯಲ್ಲಿ ಸಖ್ಯದ ಪತಾಕೆ ಹಾರುತ್ತಿರುವ ನೌಕೆಯಲ್ಲಿ ಒಂದು ಸಮುದ್ರಯಾನ. ಕ್ರಮಿಸಿದ ದೂರವನ್ನು ನೌಕೆ ನಡೆಸುವ ತಂಡೇಲನು ಯಾನಪುಸ್ತಕದಲ್ಲಿ ಸ್ವಹಸ್ತದಿಂದ ಬರೆದು ಸಹಿ ಹಾಕತಕ್ಕದ್ದು. ಈ ಸಹಿಗೆ ಸಾಕ್ಷಿಯಾಗಿ, ಮೂವತ್ತು ವರ್ಷ ಒಂಟಿಯಾಗಿ ಕಡಲು ಸುತ್ತಿದ ಬಿರ್ಗಿಟ್ಟಾ ಎಂಬ ವೃದ್ಧೆ ಡೆನ್ಮಾರ್ಕಿನಿಂದ ಬರುವವಳಿದ್ದಳು.

ದೋಣಿ ಬೇಕಾಯಿತು. ಸಮಿತಿಯ ಅಧ್ಯಕ್ಷನಿಗೆ ದೋಣಿ ಇಲ್ಲವೆನ್ನುವವರಾರು?

ಏಳನೇ ಕಂಬದ ಬಚ್ಚ ಮೊಗವೀರನಂತೂ ಇಲ್ಲವೆನ್ನುವ ಹಾಗಿರಲಿಲ್ಲ. ಅವನು ನಲವತ್ತರ ಗಂಡಸು, ‘ಜಲದುರ್ಗಿ’ ಎಂಬ ಸಣ್ಣ ಟ್ರಾಲ್ ದೋಣಿಯ ಒಡೆಯ ಹಾಗೂ ತಂಡೇಲ. ತಂದೆಯ ಕಾಲದಿಂದ ದೋಣಿ ಕಟ್ಟುತ್ತಿದ್ದ ಏಳನೇ ಕಂಬದ ಪರವಾನಗಿಯ ನವೀಕರಣ ಪತ್ರ ನಾಲ್ಕು ತಿಂಗಳಿಂದ ಪಡಿಯಾರನ ಒಂದು ಸಹಿಗೆ ಕಾದಿತ್ತು. ಕಂಬ ಹೋದರೆ ದೋಣಿಗೆ ದಕ್ಕೆಯಿಲ್ಲ. ದಕ್ಕೆಯಿಲ್ಲದ ದೋಣಿಯ ಮೀನಿಗೆ ಹರಾಜಿಲ್ಲ. ಆದುದರಿಂದ ಬಚ್ಚನು ಒಂದು ಭಾನುವಾರದ ಮೀನು ಬಿಟ್ಟು, ಮೂರು ದಿನ ಸೋಪಿನ ಪುಡಿಯಲ್ಲಿ ದೋಣಿ ತಿಕ್ಕಿ, ಅದರ ಹೆಸರಿನ ಮೇಲೆ ಸಖ್ಯದ ಬ್ಯಾನರು ಕಟ್ಟಲೂ ಬಿಟ್ಟು, ಹೇಳಿದ ಹೊತ್ತಿಗೆ ಲುಂಗಿಯ ಬದಲು ಪ್ಯಾಂಟು ತೊಟ್ಟು ನಿಂತನು.

ಹತ್ತೂವರೆಗೆ ಭರತ, ಅಂದರೆ ನೀರಿನ ತುಂಬು ಉಬ್ಬರ. ಅಷ್ಟರೊಳಗೆ ಹೊರಟರೆ ಹೊಳೆ ಕಡಲು ಸೇರುವ ಅಳಿವೆಯನ್ನು ದಾಟಬಹುದು. ಹತ್ತಕ್ಕೆ ಹನ್ನೊಂದು ನೀಲಕಂಚುಕಗಳು ಹಲಗೆಯ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ದೋಣಿಯನ್ನೇರಿದವು. ಆಗ ಕಮೋಡೋರನ ದೃಷ್ಟಿ ಮೇಲೆ ಹರಿಯಿತು. ಕೂವೆಯ ತುದಿಯಲ್ಲಿ, ಸಖ್ಯದ ಪತಾಕೆಗೆಂದೇ ವಿಧಿ ಕಾದಿರಿಸಿದ್ದ ಆ ಉನ್ನತಸ್ಥಾನದಲ್ಲಿ, ಬಣ್ಣ ಮಾಸಿದ ಹಳೆಯ ಸೀರೆಯ ಚೂರೊಂದು ಪಟಪಟನೆ ಆಡುತ್ತಿತ್ತು.

“ಎಲವೋ ಜಲಚರಜೀವಿ! ಚತ್ವಾರಿಂಶದ್ದೇಶವಂದಿತವಾದ ನಮ್ಮ ಧ್ವಜಕ್ಕೆ ಮೀಸಲಾದ ಗಗನಪೀಠವನ್ನು ಈ ಜೀರ್ಣಕರ್ಪಟವು ಆಕ್ರಮಿಸಿರುವುದೇ?” ಎಂಬರ್ಥ ಹೊರಡುವಂತೆ ಕಮೋಡೋರನು ಗರ್ಜಿಸಿದನು. ಅವನ ಬಾಯಿಂದ ಬಿದ್ದ ಮಾತುಗಳು ಇಷ್ಟು:

“ಬಚ್ಚ, ಅದೆಂಥ ಚಿಂದಿ ಮಾರಾಯ? ತೆಗಿ ಅದನ್ನ, ಫೋಟೋದಲ್ಲಿ ಬರ್ತದೆ.”

“ಅದ್ ತೆಗುಕಾಗ ಒಡೆಯರೆ. ನಿಮ್ಮ ಬಾವುಟ ಅದ್ರ್ ಕೆಳ್ಗೆ ಕಟ್ವ.”

“ಕೆಳಗೆ ಕಟ್ಟಿದ್ರೆ ಲೆಕ್ಕಕ್ಕಿಲ್ಲ. ತುದಿಯಲ್ಲೇ ಆಗ್ಬೇಕು. ರೂಲ್ಸು.”

“ಗಾಳಿ ಎತ್ಲಾಗಿಂದ ಬತ್ತ್ ಅಂದೇಳಿ ನಂಗೆ ಹೇಳುದೇ ಅದ್ ಕಾಣಿ. ನಿಮ್ಮ ವೆಲ್ವೆಟ್ ಬಾವುಟ ಗಾಳಿಗೆ ಹಂದುದಿಲ್ಲ.”

ದಕ್ಕೆಯ ಮೇಲೆ ಬುಟ್ಟಿ ಮಗುಚಿ ಅದರ ಮೇಲೆ ಕುಳಿತಿದ್ದ ಬಾಬಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕಕ್ಕುಗುಳಿದಳು. ಇವಳು ಬಚ್ಚನ ತಾಯಿ. ಫೋಟೋ ಮುಗಿಯುವವರೆಗೆ ಮೀನಿನ ಹೆಂಗಸರು ಆಚೆ ಹೋಗತಕ್ಕದ್ದೆಂಬ ಆಜ್ಞೆಯನ್ನು ಕೇಳಿಯೂ ಅಲ್ಲಾಡದೆ ಉಳಿದ ಏಕಾಂಗಿನಿ. ಕೂವೆಯ ಮೇಲಿದ್ದುದು ಅವಳ ಸೀರೆಯ ಚೂರು.

“ಕಮೋಡ್ರೆ,” ಎಂದಳು, “ಆ ವರ್ಷ ಓಟಿನ್ ಟೈಮಗೆ ನಿಮ್ಮಂಥವ್ರೇ ಬಂದ್ ಅದ್ನ್ ಬಿಚ್ಸಿ ಪಾರ್ಟಿ ಬಾವುಟ ಕಟ್ಸಿದ್ರ್. ದಪ್ಪದ್. ಮರ್ದಿನ ಇವ್ನ್ ಅಪ್ಪಯ್ಯ ಅದ್ನೇ ಇಟ್ಕಂಡ್ ಅಳಿವೆ ದಾಟುಕ್ ಹೋದ್ರ್. ಗಾಳಿ ತಿರ್ಗಿದ್ ಗೊತ್ತಾಯ್ಲಿಲ್ಲ. ಬಾವುಟ ಅವತ್ತೇ ಸಿಕ್ತ್. ಅವ್ರ್ ಮೂರ್ ದಿನ ಬಿಟ್ ಸಿಕ್ರ್.”

ಕಮೋಡೋರನು ಟೊಪ್ಪಿಯನ್ನು ಸರಿಪಡಿಸಿಕೊಂಡನು.

“ಪಾಪ, ಆಗ್ಬಾರದಿತ್ತು. ಆದ್ರೆ ಬಾಬಿ, ಇವತ್ತೊಂದು ದಿನ ಅಡ್ಜಸ್ಟ್ ಮಾಡಿ. ಬಚ್ಚ, ನಿನ್ನ ಕಂಬದ ಫೈಲು ನನ್ನ ಟೇಬಲ್ ಮೇಲೇ ಉಂಟು, ನೆನಪುಂಟಲ್ಲ?”

ಬಚ್ಚನಿಗೆ ನೆನಪಿತ್ತು. ಅವನು ಚಾಲಕಕೋಣೆಯೊಳಕ್ಕೆ ಹೋದನು. ಅದನ್ನೇ ಸಮ್ಮತಿಯೆಂದು ಬಗೆದು, ದಂತವೈದ್ಯಕುಲಭೂಷಣನೂ ಉಪಕಮೋಡೋರನೂ ಆದ ಡಾಕ್ಟರ್ ಅಡ್ಯಂತಾಯನು ಚಾಲಕಕೋಣೆಯ ಛಾವಣಿಯನ್ನೇರಿ, ಸೀರೆಯ ಚೂರನ್ನು ಕಿತ್ತು ಕೆಳಗೆಸೆದು, ಜರಿಯಂಚಿನ ವೆಲ್ವೆಟ್ ಪತಾಕೆಯನ್ನು ತುದಿಗೇರಿಸಿದನು. ಹತ್ತು ಜನ ಚಪ್ಪಾಳೆ ತಟ್ಟಿದರು. ಪತಾಕೆಯು ನೆನೆದ ಬಾವಲಿಯಂತೆ ಜೋತುಬಿತ್ತು.

ಬಚ್ಚನು ಚಾಲಕಕೋಣೆಯಿಂದ ಹೊರಬಂದು, ದಕ್ಕೆಗೆ ಹಾರಿ, ತಾಯಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬೀಡಿ ಹಚ್ಚಿದನು.

“ಏನಯ್ಯ? ಹಗ್ಗ ಬಿಚ್ಚು!”

“ಸೀರೆ ಚೂರ್ ಮೇಲೆ ಇದ್ರ್ ಮಾತ್ರ ಹಗ್ಗ ಬಿಚ್ಚುದ್ ಒಡೆಯರೆ. ನಿಮ್ಗ್ ಬೇಕಾರ್ ನೀವ್ ಬಿಚ್ಚಿ.”

ಹೀಗೆ ಯುದ್ಧ ಘೋಷಣೆಯಾಯಿತು.

ಎಲೈ ಕಾಲಪುರುಷನೇ, ಆ ಹಗ್ಗವನ್ನು ಏನೆಂದು ಬಣ್ಣಿಸಲಿ! ಮುಂಗೈಗಾತ್ರದ್ದು, ಹನ್ನೆರಡು ಮಳೆಗಾಲಗಳ ಉಪ್ಪನ್ನು ಕುಡಿದು ಬಿಗಿದದ್ದು. ಬಚ್ಚನ ಅಜ್ಜನಿಂದ ಅಪ್ಪನಿಗೂ ಅಪ್ಪನಿಂದ ಅವನಿಗೂ ಬಂದ, ತಪ್ಪು ಎಳೆಯನ್ನು ಎಳೆದರೆ ಇನ್ನಷ್ಟು ಕಚ್ಚುವ ಮನೆತನದ ಗಂಟಿನಲ್ಲಿ ಏಳನೇ ಕಂಬವನ್ನು ಸುತ್ತಿ ಮಲಗಿದ್ದ ಮಹೋರಗವದು! ಅದರ ಎದುರಿಗೆ ಹನ್ನೊಂದು ವೀರರು ದಕ್ಕೆಗೆ ಮರಳಿ ಅರ್ಧಚಂದ್ರವ್ಯೂಹ ರಚಿಸಿದರು.

“ಇದು ಬೌಲೈನ್ ಗಂಟು!” ಎಂದು ಒಬ್ಬನು ಸಾರಿದನು.

“ಅಲ್ಲ, ಕ್ಲೋವ್ ಹಿಚ್. ನಮ್ಮ ಗೋಡೆಯಲ್ಲಿ ಎರಡನೇ ಸಾಲು, ಮೂರನೇದು,” ಎಂದು ಇನ್ನೊಬ್ಬನು ಖಂಡಿಸಿದನು.

ಆಗ ಅಡ್ಯಂತಾಯನು ಕೋಟಿನ ತೋಳು ಮಡಿಸಿ ಮುಂದೆ ಬಂದು, “ಇಪ್ಪತ್ತೆರಡು ಸಾವಿರ ಹಲ್ಲು ಕಿತ್ತ ಕೈ ಇದು, ಮುರಾರಿ. ಬೇರು ಎಷ್ಟೇ ಆಳ ಇರಲಿ, ನನ್ನ ಮುಂದೆ ಯಾವುದೂ ನಿಂತದ್ದಿಲ್ಲ,” ಎಂದು ಪ್ರತಿಜ್ಞೆ ಮಾಡಿ, ಕಂಬಕ್ಕೆ ಕಾಲುಕೊಟ್ಟು, ಕಣ್ಮುಚ್ಚಿ ಎಳೆದನು.

ಗಂಟು ಇನ್ನೆರಡು ಅಂಗುಲ ಬಿಗಿಯಿತು.

“ಮರಗಟ್ಟುಕೆ ಇಂಜೆಕ್ಷನ್ ಕೊಟ್ ಕಾಣಿ ಡಾಕ್ಟ್ರೆ,” ಎಂದಳು ಬಾಬಿ.

ಬಟ್ಟೆ ಅಂಗಡಿಯ ಮಾಲಿಕನೂ ಶಾಖೆಯ ಕಾರ್ಯದರ್ಶಿಯೂ ಆದವನು ಕತ್ತರಿಸುವುದೇ ಲೇಸೆಂದನು. ಶಸ್ತ್ರಾನ್ವೇಷಣೆ ನಡೆದು, ಹಿಡಿಗೆ ಗುಲಾಬಿ ರಿಬ್ಬನ್ ಕಟ್ಟಿದ್ದ ಕೇಕಿನ ಚಾಕುವೊಂದು ಪತ್ತೆಯಾಯಿತು. ಅದು ಮೂರನೇ ಪ್ರಹಾರಕ್ಕೆ ಬಾಗಿತು. ಬಾಗಿದ ಚಾಕುವನ್ನು ಸಮುದ್ರಕ್ಕೆ ಎಸೆದುಬಿಡೋಣವೆಂದು ಒಬ್ಬನು ಸೂಚಿಸಿದಾಗ, ಕೇಕು ಕೊಯ್ಯಲು ಬೇರೇನೂ ಇಲ್ಲವೆಂದು ಕಾರ್ಯದರ್ಶಿಯು ಜ್ಞಾಪಿಸಿದನು.

ಈ ಘೋರಸಂಗ್ರಾಮದ ನಡುವೆಯೇ ಬಿರ್ಗಿಟ್ಟಾ ಆಗಮಿಸಿದಳು. ಬಿಸಿಲಿಗೆ ಸುಟ್ಟ ತೋಳು, ಮಾಸಿದ ಅಂಗಿ, ಕಂಚುಕವಿಲ್ಲ. ಹಲಗೆಯ ಮೇಲೆ ಯಾರನ್ನೂ ಹಿಡಿಯದೆಯೇ ನಡೆದು ದೋಣಿಗೆ ಬಂದು, ಯಾವಾಗ ಹೊರಡುವುದೆಂದು ಕೇಳಿದಳು. ಶುಭಕಾರಿಯಾದ ಪ್ರವಾಹಕ್ಕಾಗಿ ಕಾಯುತ್ತಿರುವುದಾಗಿಯೂ, ಇದು ಈ ತೀರದ ಪುರಾತನ ಸಂಪ್ರದಾಯವೆಂದೂ ಕಮೋಡೋರನು ವಿನಯದಿಂದ ಬಿನ್ನವಿಸಿದನು. ಅವಳು ಅದನ್ನು ಟಿಪ್ಪಣಿ ಮಾಡಿಕೊಂಡು, ನೆರಳು ಹುಡುಕಿ, ಬಲೆಯ ರಾಶಿಗೆ ಒರಗಿ ನಿದ್ದೆ ಹೋದಳು. ಕಡಲಲ್ಲಿ ಬೆಳೆದವರು ಎಲ್ಲಾದರೂ ನಿದ್ರಿಸಬಲ್ಲರು.

ಹನ್ನೊಂದೂವರೆಗೆ ಮತ್ತೆ ದೋಣಿಯೇರಿ ಸಮಾರಂಭವನ್ನು ಆರಂಭಿಸದೆ ಗತ್ಯಂತರವಿರಲಿಲ್ಲ. ಅತಿಥಿಯನ್ನು ಎಬ್ಬಿಸಲಾಯಿತು. ಕೇಕನ್ನು ಬಾಗಿದ ಚಾಕುವಿನಿಂದ ಕೊಯ್ದು ಹನ್ನೆರಡು ತಟ್ಟೆಗಳಿಗೆ ಹಂಚಲಾಯಿತು. ಹದಿಮೂರನೇ ಮನುಷ್ಯನೊಬ್ಬ ದೋಣಿಯ ಒಡೆಯನಾಗಿ ದಕ್ಕೆಯ ಮೇಲೆ ಕುಳಿತಿರುವುದು ಯಾರ ಲೆಕ್ಕಕ್ಕೂ ಬರಲಿಲ್ಲ. ಬಳಿಕ ಕಮೋಡೋರನು ಪಾನಕದ ಲೋಟವನ್ನೆತ್ತಿ ಮೈಕಿನಲ್ಲಿ ಮೇಘಗಂಭೀರಸ್ವರದಿಂದ ನುಡಿದನು:

“ಬಂಧುಗಳೇ! ಸಮುದ್ರವೇ ನನ್ನ ತೊಟ್ಟಿಲು, ಚಂಡಮಾರುತವೇ ನನ್ನ ಜೋಗುಳ! ಯಾವ ತರಂಗವು ಪಡಿಯಾರ್ ವಂಶದ ಎದೆಯನ್ನು ಕದಲಿಸೀತು? ಬರಲಿ ಅಟ್ಲಾಂಟಿಕ್, ಬರಲಿ ಪೆಸಿಫಿಕ್, ನಾನು...”

ಅಟ್ಲಾಂಟಿಕ್ ಬರಲಿಲ್ಲ. ಐಸ್ ತುಂಬಿಸಿಕೊಂಡ, ದೊಡ್ಡ ಬಲೆಯ ಪರ್ಸೀನ್ ದೋಣಿಯೊಂದು ತನ್ನ ಪಾಡಿಗೆ ದಕ್ಕೆಯ ಬದಿಯಲ್ಲಿ ಹಾದುಹೋಯಿತು. ಅದರ ಹಿಂದಿನಿಂದ ಬಂದ ಮೊಳದೆತ್ತರದ ಮೂರು ಅಲೆಗಳು ಕಟ್ಟಿದ್ದ ‘ಜಲದುರ್ಗಿ’ಯನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿದವು. ತೊಟ್ಟಿಲು ತೂಗಿತು. ಕಮೋಡೋರನು ಮೈಕನ್ನು ಕೆಳಗಿಟ್ಟು, ಗಂಭೀರವಾಗಿ ಬದಿಗೆ ನಡೆದು, ಬೆಳಗಿನ ಇಡ್ಲಿಯನ್ನೂ ಕೇಕನ್ನೂ ಬಂದರಿನ ನೀರಿಗೆ ಅರ್ಪಿಸಿದನು. ಮೈಕು ಬಂದ್ ಆಗಿರಲಿಲ್ಲ. ಅವನ ಹಿಂದೆ ಇನ್ನೂ ನಾಲ್ವರು ಅದೇ ಮಾರ್ಗವನ್ನು ಹಿಡಿದರು. ಕಣ್ಣು ಮಂಜಾದ ಕಮೋಡೋರನು ಕೈಗೆ ಸಿಕ್ಕ ಬಟ್ಟೆಯೊಂದನ್ನು ಎಳೆದು ಬಾಯೊರಸಿಕೊಂಡನು. ಅದು ಕೂವೆಯಿಂದ ಕಿತ್ತೆಸೆದ ಸೀರೆಯ ಚೂರಾಗಿತ್ತು.

ಬಾಬಿ ಎದ್ದು ನಿಂತಳು. ಏನೂ ಹೇಳಲಿಲ್ಲ. ಅವಳು ಏನೂ ಹೇಳದೆ ನಿಂತದ್ದನ್ನು ಬಚ್ಚ ಅದಕ್ಕೆ ಮೊದಲು ಒಮ್ಮೆ ಮಾತ್ರ, ತಂದೆ ಸಿಕ್ಕ ಮೂರನೇ ದಿನ, ಕಂಡಿದ್ದನು.

ಉಳಿದ ಸಮಾರಂಭ ಮುಗಿಯುವಷ್ಟರಲ್ಲಿ ಎರಡೂವರೆಯಾಗಿ ಇಳಿತ ಬಂದಿತ್ತು. ಹೂಳು ತುಂಬಿದ ಆ ಬಂದರಿನಲ್ಲಿ ನೀರು ಸದ್ದಿಲ್ಲದೆ ಸರಿದುಹೋಗಿ, ‘ಜಲದುರ್ಗಿ’ಯು ಮೆಲ್ಲನೆ ಕೆಸರಿನ ಮೇಲೆ ಕುಳಿತುಕೊಂಡಿತು. ಈಗ ಹಗ್ಗ ಬಿಚ್ಚಿದರೂ ಒಂದೇ, ಬಿಚ್ಚದಿದ್ದರೂ ಒಂದೇ. ಬಿರ್ಗಿಟ್ಟಾ ಕೈಗಡಿಯಾರ ನೋಡಿಕೊಂಡು, ತನ್ನ ರೈಲಿಗೆ ಹೊತ್ತಾಯಿತೆಂದೂ, ಸಹಿಯಾದ ಯಾನಪುಸ್ತಕವನ್ನು ಕೊಟ್ಟರೆ ಪ್ರಧಾನ ಕಚೇರಿಗೆ ಒಯ್ಯುವೆನೆಂದೂ ತಿಳಿಸಿದಳು.

ಕಮೋಡೋರನು ಪುಸ್ತಕವನ್ನು ಹಿಡಿದು ದೋಣಿಯ ಅಂಚಿಗೆ ಬಂದನು. ದೋಣಿ ಇಳಿದಿತ್ತು, ದಕ್ಕೆ ಎತ್ತರವಾಗಿತ್ತು. ಅವನು ಬಚ್ಚನನ್ನು ತಲೆಯೆತ್ತಿ ನೋಡಬೇಕಾಯಿತು.

“ಬಚ್ಚ, ಇಲ್ಲೊಂದು ಸೈನು ಮಾರಾಯ. ದೂರ ಅಂತ ಇದೆಯಲ್ಲ, ಅಲ್ಲಿ ಹನ್ನೆರಡು ಮೈಲು ಅಂತ ಬರೆದುಬಿಡು.”

ಬಚ್ಚ ತಾಯಿಯ ಮುಖ ನೋಡಿದನು. ಬಾಬಿ ಸೊಂಟದ ಸಂಚಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದವೊಂದನ್ನು ತೆಗೆದಳು. ನಾಲ್ಕು ತಿಂಗಳಿಂದ ಮೀನಿನ ಬುಟ್ಟಿಯ ಜೊತೆ ಊರೂರು ತಿರುಗಿದ ನವೀಕರಣ ಪತ್ರದ ಮನೆಪ್ರತಿ. ಮೊಹರು, ಶಿಫಾರಸು, ಕ್ಲಾರ್ಕನ ಸಹಿ ಎಲ್ಲ ಇತ್ತು. ಕೆಳಗೊಂದು ಜಾಗ ಖಾಲಿ.

“ನೀವ್ ಇದಕ್ ಹಾಕಿ. ಅವ ಅದಕ್ ಹಾಕ್ತ. ದೊಡ್ಡವ್ರ್ ಮೊದ್ಲ್.”

“ಆಫೀಸಿಗೆ ಬಾ, ಹಾಕ್ತೇನೆ.”

“ಆಫೀಸಗ್ ನಲ್ವತ್ ಸಲ ಬಂದೆ. ನಿಮ್ಗ್ ಪುರ್ಸೊತ್ತಿಲ್ಲ. ಈಗ ಇತ್ತಲ್ದಾ? ದೋಣಿ ಎಲ್ಲಿಗೂ ಹೋತಿಲ್ಲ.”

ಬಿರ್ಗಿಟ್ಟಾ ಎರಡನೇ ಬಾರಿ ಗಡಿಯಾರ ನೋಡಿಕೊಂಡಳು. ಏಷ್ಯಾಖಂಡವು ಕಮೋಡೋರನ ಕಣ್ಣೆದುರು ತೂಗಾಡಿತು. ಬಂಗಾರದ ಪೆನ್ನು ಹೊರಬಂತು. ಕೈ ಚಾಚಿ, ತುದಿಗಾಲಿನಲ್ಲಿ ನಿಂತು, ದಕ್ಕೆಯ ಅಂಚಿನ ಮೇಲೆ ಕಾಗದವಿಟ್ಟು ಅವನು ಏಳನೇ ಕಂಬವನ್ನು ಬಚ್ಚ ಮೊಗವೀರನಿಗೆ ಐದು ವರ್ಷಕ್ಕೆ ದಯಪಾಲಿಸಿದನು. ಬಾಬಿ ಶಾಯಿಗೆ ಊದಿ, ಆರಿದ ಮೇಲೆ ಮಡಚಿ, ಕವರಿಗೆ ಹಾಕಿ, ಸಂಚಿಯೊಳಗಿಟ್ಟಳು.

ಬಚ್ಚನು ಯಾನಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ನಾಲ್ಕನೇ ಕ್ಲಾಸಿನ ಅಕ್ಷರಗಳಲ್ಲಿ, ಒಂದೊಂದನ್ನೇ ಒತ್ತಿ ಒತ್ತಿ ಬರೆದು, ಸಹಿ ಹಾಕಿ, ನೇರವಾಗಿ ಬಿರ್ಗಿಟ್ಟಾಳ ಕೈಗೆ ಕೊಟ್ಟನು. ಅವಳು ಅವನ ಕೈ ಕುಲುಕಿ, ಪುಸ್ತಕವನ್ನು ಚೀಲಕ್ಕೆ ಹಾಕಿ, ಕಂಬಕ್ಕೊಮ್ಮೆ ಕಾಲುಕೊಟ್ಟು ದಕ್ಕೆಗೇರಿ ಹೊರಟುಹೋದಳು.

ಹನ್ನೊಂದು ವೀರರು ಅಷ್ಟು ಸುಲಭವಾಗಿ ಏರಲಾರದಾದರು. ಬಾಬಿಯೇ ಸೆರಗು ಸಿಕ್ಕಿಸಿ, ಒಬ್ಬೊಬ್ಬರ ಮುಂಗೈ ಹಿಡಿದು, ಮೀನಿನ ಬುಟ್ಟಿಗಳನ್ನು ಎತ್ತುವಂತೆ ಮೇಲೆಳೆದು ಸಾಲಾಗಿ ನಿಲ್ಲಿಸಿದಳು. ಆಮೇಲೆ ತಾಯಿ ಮಗ ಇಬ್ಬರೇ ಉಳಿದರು. ಬಚ್ಚ ವೆಲ್ವೆಟನ್ನು ಇಳಿಸಿ ಮಡಚಿಟ್ಟು, ಸೀರೆಯ ಚೂರನ್ನು ನಲ್ಲಿಯ ಕೆಳಗೆ ಎರಡು ಸಲ ತೊಳೆದು, ಹಿಂಡಿ, ಕೂವೆಯ ತುದಿಗೆ ಕಟ್ಟಿದನು. ಒದ್ದೆಯಾದ್ದರಿಂದ ಅದು ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ಒಂದು ತುದಿ ಎದ್ದಿತು.

“ಪುಸ್ತಕದಗೆ ದೂರ ಅಂದೇಳಿ ಇದ್ದಲ್ಲಿ ಎಂತ ಬರ್ದೆ ಮಗಾ?”

“ಹಗ್ಗ ಬಿಚ್ಚಿಲ್ಲ ಅಂದೇಳಿ ಬರ್ದೆ.”

ಬಾಬಿ ಗಂಟನ್ನು ನೋಡಿದಳು. “ಡಾಕ್ಟ್ರ್ ಎಳ್ದ್ ಎಳ್ದ್ ಎಂತ ಮಾಡಿಟ್ಟಿದ್ರೋ. ರಾತ್ರಿ ಹನ್ನೊಂದರ್ ಭರತಕ್ಕ್ ಬಿಚ್ಚುಕಿತ್ತ್,” ಎಂದಳು. “ಸಡ್ಲ ಮಾಡಿಡ್ ಕಾಂಬ.”

ಬಚ್ಚ ಕಂಬದ ಬುಡದಲ್ಲಿ ಕುಳಿತು, ಬೀಡಿಯನ್ನು ಬಾಯಂಚಿಗೆ ಸರಿಸಿ, ಗಂಟು ಸಡಿಲಿಸತೊಡಗಿದನು. ಎರಡು ನಿಮಿಷ ಹಿಡಿಯಿತು.