ಒಬ್ಬರಿಗೆ ಒಂದು ಬೆರಳು

ನಾನು ಬ್ರಷ್ ಹಿಡಿದು ಎಲ್ಲಿಗೇ ಹೋಗಲಿ, ನಗಬಾರದ ಕಡೆ ನಗು ತರಿಸುವಂಥದ್ದೊಂದು ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕುಂತಿರುತ್ತದೆ. ಐದನೇ ಕ್ಲಾಸಿಗೆ ಶಾಲೆಗೆ ಶರಣು ಹೊಡೆದು ಕಂಪ್ಲಿ ಬಿಟ್ಟವನು ನಾನು. ಕಾಲುವೆ ನೀರಿಗೆ ಭತ್ತ, ಕಬ್ಬು ಬೆಳೆದು ಮೆಟ್ರಿ ಕಡೆಯವರೆಲ್ಲ ಟ್ರ್ಯಾಕ್ಟರ್ ಕೊಂಡಾಗ ಅವುಗಳ ಟ್ರೇಲರ್ ಮೇಲೆ ದೇವರ ಹೆಸರು ಬರೆದೆ. ಹೊಸಪೇಟೆಯಲ್ಲಿ ಲಾರಿಗಳಿಗೆ ಹುಲಿ, ಹಂಪಿಯಲ್ಲಿ ಹೋಟೆಲುಗಳಿಗೆ ತಪ್ಪು ತಪ್ಪು ಇಂಗ್ಲಿಷು. ಒಂದೂರಲ್ಲಿ ಆರು ತಿಂಗಳಾದರೆ ನನಗೆ ಕಾಲು ಕಡಿಯುತ್ತಿತ್ತು. ಹಾಗೆ ಕಡಿದ ಕಾಲು ಒಮ್ಮೆ ಸಂಡೂರಿನ ಕಡೆಯ ಒಂದು ಗಣಿ ಆಫೀಸಿಗೆ ಎಳೆದುಕೊಂಡು ಹೋಯಿತು.

೧. ಬಣ್ಣ ಬಾರದ ಕಂಪ್ಯೂಟರ್

ಆ ಆಫೀಸಿಗೆ ಆಗಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ಅಂಕಿಸಂಖ್ಯೆ ಕೊಟ್ಟರೆ ಕಂಬದ ಚಿತ್ರ ಬಿಡಿಸುವ ಪ್ರೋಗ್ರಾಂ ಅದರಲ್ಲಿತ್ತು. ವರ್ಷಕ್ಕೊಂದು ಕಂಬ. ಒಂದೊಂದು ಕಂಬದಲ್ಲೂ ಟಿಫಿನ್ ಕ್ಯಾರಿಯರ್ ಡಬ್ಬಿಗಳ ಹಾಗೆ ಒಂದರ ಮೇಲೊಂದು ತುಂಡು: ಕೆಳಗೆ ಸಣ್ಣ ಪೆಟ್ಟು ಬಿದ್ದವರು, ನಡುವೆ ಕೈಕಾಲು ಮುರಿದವರು, ಮೇಲೆ ಸತ್ತವರು. ಗಣಿಯ ಅಪಘಾತಗಳ ಚಾರ್ಟು ಅದು.

ಪ್ರಿಂಟರ್ ಮಾತ್ರ ಕಪ್ಪೊಂದನ್ನೇ ಹೊಡೆಯುತ್ತಿತ್ತು. ಮ್ಯಾನೇಜರ್ ಸಾಹೇಬರು ಕಂಪ್ಯೂಟರ್ ನಡೆಸುವ ಮೇಡಂ ಅವರನ್ನು ಕೇಳಿದರಂತೆ, "ಬಣ್ಣ ಎಲ್ಲೈತಮ್ಮ?"

"ಬಣ್ಣ ಬರಂಗಿಲ್ರಿ ಸರ್. ಅಡ್ಡಗೆರಿ, ಉದ್ದಗೆರಿ, ಚುಕ್ಕಿ ಬರ್ತಾವ್ರಿ."

"ಸತ್ತವ್ರಿಗೆ ಚುಕ್ಕಿ ಇಟ್ರ ಯಾರಿಗೆ ತಿಳೀತೈತಿ? ಪೇಂಟರ್‌ನ ಕರೀರಿ."

ಹಾಗೆ ಬಂದವನು ನಾನು. ಮೇಡಂ ಕೊಟ್ಟ ಕಾಗದ ನೋಡಿಕೊಂಡು ಬೂದಿ ಬಣ್ಣದ ದೊಡ್ಡ ಬೋರ್ಡಿನ ಮೇಲೆ ಕಂಬ ಎಬ್ಬಿಸಿದೆ. ಅಳತೆ ಸುಲಭ: ಒಬ್ಬರಿಗೆ ಒಂದು ಬೆರಳು ಎತ್ತರ. ಸಣ್ಣ ಪೆಟ್ಟಿಗೆ ಹಸಿರು, ಮುರಿದದ್ದಕ್ಕೆ ಹಳದಿ, ಸಾವಿಗೆ ಕೆಂಪು. ಯಾವ ಬಣ್ಣ ಯಾವುದಕ್ಕೆ ಅಂತ ಮೂಲೆಯಲ್ಲಿ ಪಟ್ಟಿಯನ್ನೂ ಬರೆದೆ. ನಡುವೆ ಒಂದು ವರ್ಷಕ್ಕೆ ಕಂಬವೇ ಇರಲಿಲ್ಲ. ಖಾಲಿ ಜಾಗ ಕಂಡರೆ ಲಾರಿ ಪೇಂಟರ್ ಕೈ ಸುಮ್ಮನಿರುತ್ತದೆಯೇ? ಅಲ್ಲೊಂದು ಕಮಲ ಬಿಡಿಸಿದೆ.

"ಇದ್ಯಾಕಲೇ ಕಮಲ?" ಸಾಹೇಬರು ಕಣ್ಣು ಬಿಟ್ಟರು.

"ಒಬ್ಬರಿಗೂ ಪೆಟ್ಟಾಗದ ವರ್ಷ ಅಲ್ರಿ ಸಾಹೇಬ್ರ, ಚಂದ ಕಾಣ್ಲಿ ಅಂತ."

ಮೇಡಂ ತಲೆ ಎತ್ತದೆ ಅಂದರು, "ಆ ವರ್ಷ ಗಣಿನ ಮುಚ್ಚಿತ್ತಣ್ಣ."

೨. ಹೆಗಲ ಮೇಲಿನವರು

ಸುರಕ್ಷತೆ ತಪಾಸಣೆಗೆ ಅಧಿಕಾರಿಯೊಬ್ಬರು ಬರುತ್ತಾರೆ ಅಂತ ಸುದ್ದಿ ಬಂತು. ಸಾಹೇಬರು ಬೋರ್ಡಿನ ಮುಂದೆ ಬಂದು ನಿಂತರು.

"ಕೆಂಪು ಮ್ಯಾಲಿದ್ರ ಕಣ್ಣಿಗೆ ಹೊಡೀತೈತಿ. ಬುಡಕ್ಕ ಹಾಕ್ರಿ. ಬುಡ ಯಾರು ನೋಡ್ತಾರ?"

ಮೇಡಂ ಪ್ರೋಗ್ರಾಂನಲ್ಲಿ ತುಂಡುಗಳ ಸಾಲು ಬದಲಿಸಿ ಹೊಸ ಕಾಗದ ಕೊಟ್ಟರು. ನಾನು ಎರಡು ದಿನ ಕೆರೆದು ಮತ್ತೆ ಬಳಿದೆ. ಮುಗಿದ ಮೇಲೆ ಮೂವರೂ ಹಿಂದೆ ಸರಿದು ನೋಡಿದೆವು. ಮೊದಲು ಒಂದೊಂದು ಕೆಂಪು ಒಂದೊಂದು ಎತ್ತರದಲ್ಲಿ ಕುಂತಿತ್ತು, ಯಾವುದು ದೊಡ್ಡದು ಅಂತ ತಿಳಿಯುತ್ತಿರಲಿಲ್ಲ. ಈಗ ಎಲ್ಲವೂ ಒಂದೇ ನೆಲದ ಮೇಲೆ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ನಡೆಯುತ್ತಿದ್ದ ವರ್ಷದ್ದು ಮೂರು ಬೆರಳು. ಎಲ್ಲದಕ್ಕಿಂತ ಎತ್ತರ.

"ಮ್ಯಾಲಿದ್ದಾಗ ಇಷ್ಟು ಕಾಣ್ತಿರ್ಲಿಲ್ಲಲ್ಲ!" ಅಂದರು ಸಾಹೇಬರು.

"ಹೆಗಲ ಮ್ಯಾಲೆ ಕುಂತವ್ರ ಎತ್ರ ತಿಳಿಯಂಗಿಲ್ರಿ ಸರ್," ಅಂದರು ಮೇಡಂ. "ನೆಲಕ್ಕ ಇಳಿಸಿದ್ರ ತಿಳೀತೈತ್ರಿ."

"ಏರ್ಸ್ರಿ ವಾಪಸ್! ಜಲ್ದಿ!"

ಸತ್ತವರನ್ನು ಹೆಗಲಿಗೆ ಏರಿಸುವುದು ಎಲ್ಲ ಊರಲ್ಲೂ ಇದ್ದದ್ದೇ. ಒಬ್ಬೊಬ್ಬರನ್ನು ಎರಡೆರಡು ಸಲ ಏರಿಸಿದವನು ನಾನೊಬ್ಬನೇ.

೩. ಬೋರ್ಡಿನ ಬಣ್ಣದವನು

ಆ ಮೂರು ಬೆರಳಲ್ಲಿ ಒಂದು ನಾನು ಬಂದ ಹೊಸದರಲ್ಲಿ ನನ್ನ ಜೊತೆ ಚಹಾ ಕುಡಿಯುತ್ತಿದ್ದ, ಲಾರಿಗೆ ಅದಿರು ತುಂಬುವ ಒಬ್ಬ ಲೋಡರ್. ಗಣಿ ಗುಂಡಿಯೊಳಗೆ ಬುತ್ತಿ ಬಿಚ್ಚಿ ಕುಂತವನ ಮೇಲೆ ಅದಿರಿನ ಬಂಡೆ ಉರುಳಿತ್ತು. ಡ್ಯೂಟಿಯಲ್ಲಿ ಸತ್ತರೆ ಹೆಂಡತಿಗೆ ಅಲ್ಲೇ ಕೆಲಸ ಅನ್ನುವುದು ಆ ಗಣಿಯ ನಿಯಮ. ಅವನ ಹೆಂಡತಿ ದಿನಾ ವಡ್ಡು ಊರಿನಿಂದ ನಡೆದು ಬಂದು ಆಫೀಸಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು.

ಮೂರನ್ನು ಎರಡು ಮಾಡಲು ಸಾಹೇಬರಿಗೆ ಅವನೇ ಸಿಕ್ಕ.

"ಅವ ಉಣ್ಣಾಕ ಕುಂತಿದ್ದ. ಡ್ಯೂಟಿ ಅಲ್ಲ. 'ಇತರೆ' ಅಂತ ಬ್ಯಾರೆ ತುಂಡು ಮಾಡ್ರಿ." ಆಮೇಲೆ ನನ್ನ ಕಿವಿಯ ಹತ್ತಿರ, "ಅದಕ್ಕ ಬೋರ್ಡಿನ ಬಣ್ಣನ ಹಚ್ಚು."

ಹೊರಗೆ ಬಂದರೆ ಆಕೆ ಕೇಳಿದಳು, "ಅಣ್ಣಾ, ನಮ್ಮವ್ರು ಯಾವ ಬಣ್ಣದಾಗ ಅದಾರ?"

"ಇನ್ನಾ ಹಚ್ಚಿಲ್ಲವ್ವ." ನಾಲ್ಕು ದಿನ ಅದನ್ನೇ ಹೇಳಿದೆ.

ಮೇಡಂ ಕಂಪ್ಯೂಟರ್ ಮುಂದೆ ಕುಂತರು. 'ಇತರೆ'ಯನ್ನು ಕೆಂಪಿನ ಕೆಳಗೆ, ಹಳದಿಯ ಮೇಲೆ ತೂರಿಸಿದರು. ಕಾಗದದಲ್ಲಿ ಅದು ಚುಕ್ಕಿಚುಕ್ಕಿಯಾಗಿ ಕಾಣುತ್ತಿತ್ತು, ಸಾಹೇಬರು ಸಹಿ ಹಾಕಿದರು. ಸಾಹೇಬರ ಮಾತಿನಂತೆ ನಾನು ಬೂದಿ ಹಚ್ಚಿದೆ. ಹಳದಿ ಮುಗಿದು, ಒಂದು ಬೆರಳು ಏನೂ ಇಲ್ಲದೆ, ಅದರ ಮೇಲೆ ಎರಡು ಬೆರಳು ಕೆಂಪು ತೇಲುತ್ತಿತ್ತು.

ತಪಾಸಣೆ ಅಧಿಕಾರಿ ಬಂದವರು ಮೊದಲು ಅಲ್ಲಿಗೇ ಬೆರಳು ಮಾಡಿದರು. "ಇವ್ರಿಬ್ರು ಯಾಕ ಗಾಳ್ಯಾಗ ನಿಂತಾರ?"

"ಪೇಂಟರ್ ತಪ್ರಿ ಸರ್. ಓದಿದವನಲ್ಲ," ಅಂದರು ಸಾಹೇಬರು.

ಬಾಗಿಲಾಚೆ ಮೆಟ್ಟಿಲ ಮೇಲೆ ಆಕೆ ಕುಂತದ್ದು ಕಾಣುತ್ತಿತ್ತು. ನಾನು ಮುಂದೆ ಬಂದೆ.

"ಗಾಳಿ ಅಲ್ರಿ ಸಾಹೇಬ್ರ. ನಡುವ ಒಬ್ಬ ಅದಾನ್ರಿ. ಬೋರ್ಡಿನ ಬಣ್ಣ ಹಚ್ಚು ಅಂದ್ರು, ಹಚ್ಚೀನಿ."

ಅಧಿಕಾರಿ ಫೈಲು ತರಿಸಿ ಓದಿದರು. "ಊಟದ ಗಂಟಿ ಹೊಡೆದಿತ್ತೇನ್ರಿ?"

"ಇಲ್ರಿ ಸರ್. ಗಂಟಿಗಿಂತ ಮೊದ್ಲ ಬುತ್ತಿ ಬಿಚ್ಚಿದ್ದ," ಅಂದರು ನಮ್ಮ ಸಾಹೇಬರು.

"ಹಂಗಾರ ಡ್ಯೂಟಿಯಾಗ ಉಂಡಾನ. ಬೇಕಿದ್ರ ಹೆಣಕ್ಕೊಂದು ಮೆಮೊ ಕೊಡ್ರಿ. ಮೊದ್ಲು ಕೆಂಪಿನಾಗ ಹಾಕ್ರಿ."

೪. ಮೂರೂವರೆ

ಆಕೆಗೆ ಆಫೀಸು ಗುಡಿಸುವ ಕೆಲಸ ಸಿಕ್ಕಿತು. ಮೊದಲ ದಿನ ಬೆಳಿಗ್ಗೆ ಆಕೆ ಪೊರಕೆ ಹಿಡಿದು ಬಂದಾಗ ನಾನು ಆ ಬೂದಿ ಬೆರಳಿಗೆ ಕೆಂಪು ತುಂಬುತ್ತಿದ್ದೆ.

"ಇದಾ ಏನಣ್ಣ ನಮ್ಮವ್ರು?"

"ಹೂಂನವ್ವ."

"ಇಷ್ಟಾ?"

"ಒಬ್ಬರಿಗೆ ಒಂದ ಬೆರಳವ್ವ. ಅಳತಿ ಹಂಗೈತಿ."

ಆಕೆ ಹತ್ತಿರ ಬಂದು ನೋಡಿದಳು. "ನಮ್ಮವ್ರು ಭಾಳ ಎತ್ರ ಇದ್ರಣ್ಣ. ಬಾಗ್ಲಾಗ ಬಗ್ಗಿ ಬರ್ತಿದ್ರು."

ನಾನು ಮೇಡಂ ಕಡೆ ನೋಡಿದೆ. ಮೇಡಂ ಕಂಪ್ಯೂಟರ್ ಕಡೆ ತಿರುಗಿಕೊಂಡರು. ಕೆಂಪಿನ ತುದಿಗೆ ಅರ್ಧ ಬೆರಳು ಏರಿಸಿ ಎಳೆದುಬಿಟ್ಟೆ.

ತಪಾಸಣೆ ಆದಾಗಿನಿಂದ ಸಾಹೇಬರಿಗೆ ಬೋರ್ಡಿನ ಮೇಲೆ ನಂಬಿಕೆ ಹೋಗಿತ್ತು. ಬಂದವರೇ ಬೆರಳಿಟ್ಟು ಅಳೆದರು. ಇನ್ನೊಮ್ಮೆ ಅಳೆದರು. ಮುಖ ಕೆಂಪಿಗಿಂತ ಕೆಂಪಾಯಿತು.

"ಮೂರೂವರಿ ಬಂತಲ್ಲಲೇ! ಸತ್ತವ್ರು ಮೂರೇ ಮಂದಿ. ಈ ಅರ್ಧ ಸತ್ತವ ಯಾರಲೇ?"

ನಾನು ಏನೋ ಸುಳ್ಳು ಹುಡುಕುತ್ತಿದ್ದೆ. ಹಿಂದೆ ಮೂಲೆಯಲ್ಲಿ ಪೊರಕೆಯ ಸದ್ದು ನಿಂತಿತು.

"ನಾನ್ರೀ ಸಾಹೇಬ್ರ," ಅಂದಳು ಆಕೆ.