ಗೋಡೆ ಹತ್ತುವ ಆಟ ಮತ್ತು ನಮ್ಮ ಮನೆಯ ಪಾವಟಿಗೆ

ಗೋಡೆ ಕಂಡರೆ ಹತ್ತಬೇಕು ಅನ್ನಿಸುವಷ್ಟು ಕಾಲ ಹುಡುಗುತನ. ಒರಗಬೇಕು ಅನ್ನಿಸತೊಡಗಿದರೆ ವಾನಪ್ರಸ್ಥ. ಈ ವ್ಯಾಖ್ಯೆ ಯಾವ ಶಾಸ್ತ್ರದಲ್ಲೂ ಇಲ್ಲ, ನನ್ನದೇ. ಜೇವರ್ಗಿಯಲ್ಲಿ ಕೋರ್ಟಿನ ಶಿರಸ್ತೇದಾರನಾಗಿದ್ದು ನಿವೃತ್ತನಾದ ಮೇಲೆ ನಾನು ನಿಷ್ಠೆಯಿಂದ ಒರಗುತ್ತ ಬಂದವನು. ಅದರ ಮೇಲೆ ಎರಡು ಮಳೆಗಾಲದ ಹಿಂದೆ ಮಾಳಿಗೆಗೆ ಹೋಗುವ ಫರಸಿಕಲ್ಲಿನ ಪಾವಟಿಗೆಯಲ್ಲಿ ಜಾರಿ ಬಿದ್ದೆ. ಮೂಳೆ ಉಳಿಯಿತು, ಧೈರ್ಯ ಮುರಿಯಿತು. ಅಂದಿನಿಂದ ಮಾಳಿಗೆಗೂ ನನಗೂ ಸಂಬಂಧ ತಪ್ಪಿತು.

ನಮ್ಮ ಕಡೆಯ ಬೇಸಿಗೆ ಬಲ್ಲವರಿಗೆ ಈ ಪ್ರಕರಣದ ಗಾಂಭೀರ್ಯ ತಿಳಿದೀತು. ಯುಗಾದಿ ದಾಟಿದರೆ ಊರಿಗೆ ಊರೇ ಮಾಳಿಗೆಯ ಮೇಲೆ ಮಲಗುತ್ತದೆ. ಹಾಸಿಗೆಯ ಜೊತೆಗೆ ಹರಟೆಯೂ ಮೇಲೇರುತ್ತದೆ. ಯಾರ ಮಗಳಿಗೆ ಎಲ್ಲಿಯ ಗಂಡು, ತೊಗರಿಗೆ ಏನು ಧಾರಣೆ, ಸಕಲವೂ ಅಲ್ಲೇ ಇತ್ಯರ್ಥ. ಹೋದ ಬೇಸಿಗೆ ನಾನೊಬ್ಬನೇ ಕೆಳಗೆ ಫ್ಯಾನಿನ ಬಿಸಿಗಾಳಿ ಉಣ್ಣುತ್ತ ಬಿದ್ದಿದ್ದೆ. ಮೇಲಿನಿಂದ ನಗು ಕೇಳುತ್ತಿತ್ತು, ಯಾತಕ್ಕೆ ನಕ್ಕರೆಂಬುದು ಕೇಳುತ್ತಿರಲಿಲ್ಲ. ಈ ಯುಗಾದಿಗೂ ಆ ನಗು ಶುರುವಾಯಿತು. ಇನ್ನು ಉಳಿದ ಬೇಸಿಗೆಗಳೆಲ್ಲ ಹೀಗೇ ಕಳೆಯುತ್ತವೆಯೇನೋ ಎಂದು ಒಳಗೊಳಗೇ ಅಂಜಿದ್ದೆ.

ಇಂಥದ್ದರಲ್ಲಿ, ಕಲಬುರಗಿಯಲ್ಲಿ ಬ್ಯಾಂಕಿನ ನೌಕರಿ ಮಾಡುವ ಮಗಳು ಶಿವಲೀಲಾ ರಜೆಗೆ ಬಂದವಳು ಟೀವಿಗೆ ಒಂದು ಆಟದ ಪೆಟ್ಟಿಗೆ ಜೋಡಿಸಿದಳು. ಅದರಲ್ಲೊಬ್ಬ ಆಸಾಮಿ. ಗೋಡೆಯ ಮೇಲೆ ಅಡ್ಡಡ್ಡ ಓಡುತ್ತಾನೆ, ಕಂಬದಿಂದ ಕಂಬಕ್ಕೆ ಹಾರುತ್ತಾನೆ, ಬೆರಳ ತುದಿಯಲ್ಲಿ ಸೂರು ಹಿಡಿದು ಜೋತಾಡುತ್ತಾನೆ. ತಪ್ಪಿ ಬಿದ್ದರೆ ಸಾಯುತ್ತಾನೆ. ಸತ್ತವನು ನೋಡನೋಡುತ್ತ ತಾನು ಹಾರಿದ ಅದೇ ಕಟ್ಟೆಯ ಮೇಲೆ ಮೈಕೊಡವಿ ನಿಂತಿರುತ್ತಾನೆ. ಮುಲಾಮಿಲ್ಲ, ಎಕ್ಸ್‌ರೇ ಇಲ್ಲ, ‘ನಾ ಹೇಳಿದ್ದೆ, ನೀವು ಕೇಳಲಿಲ್ಲ’ ಎನ್ನುವ ಹೆಂಡತಿಯಿಲ್ಲ. ಮೇಲ್ಮನವಿಯ ವಿಷಯದಲ್ಲಿ ಇಷ್ಟು ಉದಾರವಾದ ನ್ಯಾಯಾಲಯವನ್ನು ನನ್ನ ಇಡೀ ಸೇವಾವಧಿಯಲ್ಲಿ ಕಂಡಿಲ್ಲ. ‘ನನ್ನ ಕೈಯಾಗೂ ಒಂದೀಟು ಕೊಡವಾ’ ಎಂದೆ. ರಜೆ ಮುಗಿದಾಗ ಅವಳು ಪೆಟ್ಟಿಗೆಯನ್ನು ನನಗೇ ಬಿಟ್ಟು ಹೋಗಬೇಕಾಯಿತು.

ಜಿಗಿಯುವ ಮುಂಚೆ ಒಂದು ಗಳಿಗೆ ನಿಂತು, ಎಲ್ಲಿ ಕೈ, ಎಲ್ಲಿ ಕಾಲು ಎಂದು ಗೋಡೆಯನ್ನು ಓದಬೇಕು. ಆಟದ ರುಚಿಯೆಲ್ಲ ಆ ಗಳಿಗೆಯಲ್ಲಿದೆ. ದಾವೆಯ ಕಾಗದ ಓದಿದ ಹಾಗೆಯೇ. ದಾರಿ ಇದ್ದೇ ಇರುತ್ತದೆ, ಬರೆದವನು ಎಲ್ಲೋ ಅಡಗಿಸಿರುತ್ತಾನೆ.

ಒಂದು ಪಾಳುಗುಡಿಯಲ್ಲಿ ಮಾತ್ರ ನನ್ನ ಪಯಣ ನಿಂತಿತು. ಅಲ್ಲಿಂದ ಮೇಲೆ ಹೋಗಬೇಕಾದರೆ ದೇವರ ಮೂರ್ತಿಯ ಹೆಗಲ ಮೇಲೆ ಕಾಲಿಡಬೇಕು. ಬೇರೆ ದಾರಿ ಹುಡುಕುತ್ತ ವಾರಗಟ್ಟಲೆ ಆ ಆಸಾಮಿಯಿಂದ ಗುಡಿಯ ಪ್ರದಕ್ಷಿಣೆ ಹಾಕಿಸಿದೆ. ಕೊನೆಗೆ ಮಗಳಿಗೆ ಫೋನು ಮಾಡಿದೆ.

‘ಅಪ್ಪಾ, ಅದು ದೇವರಲ್ಲರಿ, ಬರೇ ಚಿತ್ರ. ಹತ್ರಿ.’

‘ಚಿತ್ರ ಆದ್ರೇನವಾ, ದೇವರ ಮ್ಯಾಲ ಕಾಲಿಡೂದೇನು?’

‘ಕಾಲೂ ನಿಮ್ಮವಲ್ಲಲ್ರಿ’ ಅಂದು ಫೋನು ಇಟ್ಟುಬಿಟ್ಟಳು.

ಪಕ್ಕದಲ್ಲಿ ಬೇಳೆ ಹಸನು ಮಾಡುತ್ತ ಕುಳಿತಿದ್ದ ಹೆಂಡತಿ ಗೌರಮ್ಮ, ನಿತ್ಯ ಪೂಜೆಯಿಲ್ಲದೆ ನೀರೂ ಮುಟ್ಟದವಳು, ಮೊರದಿಂದ ತಲೆಯೆತ್ತದೆ ಕೇಳಿದಳು: ‘ಗುಡಿ ಶಿಖರಕ್ಕ ಸುಣ್ಣ ಬಳಿಯಾವ ಎಲ್ಲಿ ನಿಂತು ಬಳೀತಾನ್ರಿ?’

‘ಅಂವ ಮೊದಲ ಕೈ ಮುಗೀತಾನ.’

‘ನೀವೂ ಮುಗೀರಿ. ಯಾರು ಬ್ಯಾಡಂದ್ರು?’

ಕೈಯಲ್ಲಿದ್ದ ಆಟದ ಗುಂಡಿಗಳ ಯಂತ್ರವನ್ನು ಕೆಳಗಿಟ್ಟೆ, ಟೀವಿಗೆ ಕೈ ಮುಗಿದೆ, ಆಸಾಮಿಯನ್ನು ಹತ್ತಿಸಿದೆ. ಶಿಖರದ ಮೇಲಿಂದ ಆ ಊರಿನ ಮಾಳಿಗೆಗಳೆಲ್ಲ ಕಂಡವು. ಗೌರಮ್ಮ ಒಂದು ಸಲ ನೋಡಿ, ‘ಟೀವ್ಯಾಗ ಶಿಖರ ಏರ್ತೀರಿ. ನಮ್ಮ ಪಾವಟಿಗಿ ಏನು ಪಾಪ ಮಾಡ್ಯಾವ?’ ಅಂದಳು.

ಮಾತು ನಾಟಿತು. ಆ ಸಂಜೆ ಪಾವಟಿಗೆಯ ಬುಡದಲ್ಲಿ ನಿಂತು ಗೋಡೆಯನ್ನು ಓದಿದೆ. ಎಡಕ್ಕೆ ಕಿಟಕಿಯ ಸರಳು, ಅದರ ಮೇಲೆ ನೀರಿನ ಪೈಪು, ಅಲ್ಲಿಂದ ಮಾಳಿಗೆಯ ಅಂಚಿನ ಮೋಟುಗೋಡೆ. ಕೈ ಮುಗಿದು, ಒಂದೊಂದನ್ನೇ ಹಿಡಿಯುತ್ತ ಪಾವಟಿಗೆ ಏರಿದೆ. ಮೋಟುಗೋಡೆ ಹಿಡಿದು ತಲೆ ಮೇಲೆತ್ತಿದಾಗ ಪಕ್ಕದ ಮಾಳಿಗೆಯ ಹಣಮಂತರಾಯರು, ‘ಬರ್ರಿ ಶಿರಸ್ತೇದಾರ್ರ, ಗುಡಿಯಿಂದ ಹೊರಗ ಬಂದ್ರೇನು?’ ಎಂದರು. ಸುತ್ತಲಿನ ಮಾಳಿಗೆಗಳೆಲ್ಲ ನಕ್ಕವು. ಇಷ್ಟು ದಿನ ಅವರು ಯಾತಕ್ಕೆ ನಗುತ್ತಿದ್ದರೆಂಬುದು ಹೀಗೆ ಇತ್ಯರ್ಥವಾಯಿತು. ವರದಿ ಸಲ್ಲಿಸಿದವಳು ನನ್ನ ಪಕ್ಕದಲ್ಲೇ ಹಾಸಿಗೆ ಬಿಚ್ಚುತ್ತಿದ್ದಳು. ತಂಗಾಳಿ ಬೀಸುತ್ತಿತ್ತು, ನಾನು ಆಕ್ಷೇಪಣೆ ಎತ್ತಲಿಲ್ಲ.

ಬೆಳಗ್ಗೆ ಇಳಿಯಲು ಹೋದಾಗ ಒಂದು ಸಂಗತಿ ಹೊಳೆಯಿತು. ಆ ಆಸಾಮಿ ಎಂದೂ ಪಾವಟಿಗೆ ಇಳಿದವನಲ್ಲ. ಕೆಳಗೆ ಬರಬೇಕಾದರೆ ನೇರ ಹಾರಿ, ಕಣಕಿಯ ಬಣವಿಯಂಥ ಮೆತ್ತನೆಯ ಹುಲ್ಲುರಾಶಿಯಲ್ಲಿ ಬೀಳುತ್ತಾನೆ. ನಮ್ಮ ಅಂಗಳದಲ್ಲಿರುವುದು ಬರೀ ಫರಸಿ.

‘ಇಳೀರಿ, ಚಹಾ ಆರಾಕತ್ತದ’ ಎಂದಳು ಗೌರಮ್ಮ ಕೆಳಗಿನಿಂದ.

‘ಇಳಿಯೂದು ಆಟದಾಗ ಇಲ್ಲ.’

‘ಹಂಗಾರ ಕೂಸಿನಂಗ ಕುಂತ ಕುಂತ ಇಳೀರಿ.’

ಮಾಜಿ ಶಿರಸ್ತೇದಾರನೊಬ್ಬ, ಅಕ್ಕಪಕ್ಕದ ಮಾಳಿಗೆಗಳ ಸಮಕ್ಷಮದಲ್ಲಿ, ಒಂದೊಂದು ಪಾವಟಿಗೆಯ ಮೇಲೂ ಕುಂಡೆಯೂರಿ ಭೂಮಿಗೆ ಇಳಿದ. ಇವತ್ತು ರಾತ್ರಿ ಮಾಳಿಗೆಯ ಮೇಲೆ ಯಾತಕ್ಕೆ ನಗುತ್ತಾರೆಂಬುದನ್ನು ನಾನು ಯಾರನ್ನೂ ಕೇಳಬೇಕಾಗಿಲ್ಲ. ಆದರೂ ಹಾಸಿಗೆಯನ್ನು ಆಗಲೇ ಮೇಲೆ ಕಳಿಸಿದ್ದೇನೆ.